ಮೂಡಲ ಗೋಡೆಯ ಸೂರ್ಯಕಾಂತಿ

ನಾನು ಸೂರ್ಯಕಾಂತಿ ಗಿಡ ಹಾಕಿದ್ದು ಹೂವಿನ ಆಸೆಗಲ್ಲ. ನನ್ನ ಓರಗಿತ್ತಿಯ ಕಣ್ಣಿಗೆ ಅಡ್ಡವಾಗಲಿ ಎಂದು ಹಾಕಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸಲೀಸು, ನನಗೂ ಸಲೀಸು.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ನಮ್ಮ ಮನೆ ಮಳವಳ್ಳಿಯಲ್ಲಿ. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಅವರ ಅಣ್ಣ ಬೇಸಾಯಗಾರರು. ಅಣ್ಣತಮ್ಮಂದಿರು ಬೇರೆಯಾಗಿ ಆರೇಳು ವರ್ಷವಾಗಿತ್ತು. ಪಡುವಣ ಅರ್ಧ ಮನೆ ನಮಗೆ, ಮೂಡಣ ಅರ್ಧ ಅವರಿಗೆ. ಹಿತ್ತಲ ನಡುವೆ ಉದ್ದಕ್ಕೆ ಮಣ್ಣಿನ ಗೋಡೆ ಎದ್ದಿತು, ನನ್ನ ಕುತ್ತಿಗೆಯ ಮಟ್ಟಕ್ಕೆ. ಬಾವಿ ಮಾತ್ರ ಒಂದೇ. ಅದನ್ನು ಭಾಗ ಮಾಡಲು ಬಾರದೆ, ಪಂಚಾಯಿತಿ ಮಾಡಿದ ಹಿರಿಯರು ಬಾವಿಯ ಬಾಯಿಗೆ ಅಡ್ಡಲಾಗಿ ಒಂದು ಕಲ್ಲುತೊಲೆ ಹಾಸಿ ಗೋಡೆಯನ್ನು ಅದರ ಮೇಲೆಯೇ ಹಾಯಿಸಿಬಿಟ್ಟರು. ಅತ್ತ ಒಂದು ರಾಟೆ, ಇತ್ತ ಒಂದು ರಾಟೆ. ನನ್ನ ಕೊಡ ಇಳಿಯುವಾಗ ಓರಗಿತ್ತಿಯ ಕೊಡ ಏರುತ್ತಿದ್ದರೆ ಎರಡೂ ಒಳಗೆ ತಾಗಿ ಸದ್ದು ಮಾಡುತ್ತಿದ್ದವು. ಎಷ್ಟೋ ಸಲ ಬೇಕೆಂದೇ ತಾಗಿಸುತ್ತಿದ್ದಳು. ನಾನೂ ತಾಗಿಸಿದ್ದೇನೆ, ಇಲ್ಲವೆನ್ನುವುದಿಲ್ಲ.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಯಿಗೆ ಬಂದ ರೂಢಿ, ಅಷ್ಟೇ. ಅವಳಿಗೆ ಒಂದು ಚಾಳಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಗೋಡೆಯ ಮೇಲೆ ಮೊಣಕೈ ಊರಿ, ನಮ್ಮ ಹಿತ್ತಲನ್ನು ನೋಡುತ್ತ ನಿಲ್ಲುವುದು. ನಾನು ಪಾತ್ರೆ ಬೆಳಗುತ್ತಿದ್ದರೆ ಪಾತ್ರೆಯ ತಳದಲ್ಲಿ ಏನು ಮೆತ್ತಿದೆ ಎಂದು ನೋಡುವಳು.

"ಏನಮ್ಮಿ, ಮೂರು ದಿವ್ಸದಿಂದ ಅದೇ ಉಪ್ಪೆಸ್ರಾ? ಗುಮಾಸ್ತರಿಗೆ ಬ್ಯಾರೆ ಏನೂ ಆಕಾಕಿಲ್ವಾ?"

"ನಿನ್ನ ಒಲೆ ಮೇಲೆ ಏನೈತೆ ಅಂತ ನಾನು ಕೇಳುದ್ನಾ ಅಕ್ಕ?"

"ಕೇಳು, ಬ್ಯಾಡ ಅಂದೋರ್ಯಾರು? ನಾನೇನು ಮುಚ್ಚಿಟ್ಕೊಂಡಿದ್ದೀನಾ?"

ಗೋಡೆ ಎತ್ತರಿಸೋಣವೆಂದರೆ ಭಾಗದ ಪತ್ರದಲ್ಲಿ ಬರೆದಿತ್ತು: ಇಬ್ಬರೂ ಒಪ್ಪದೆ ಯಾರೊಬ್ಬರೂ ಗೋಡೆಗೆ ಒಂದು ಗೇಣೂ ಸೇರಿಸಕೂಡದು. ಅವರ ಅಡುಗೆಮನೆಗೆ ಬೆಳಕು ಬರುವುದು ಆ ಕಡೆಯಿಂದ ಎಂದು ನೆವ. ಅವಳ ಕಾಟವನ್ನು ಆರು ವರ್ಷ ಸಹಿಸಿದ್ದೆ. ಏಳನೆಯ ವರ್ಷ ಸಹಿಸಲಾಗದಂಥದ್ದು ಬಂತು.

ನನ್ನ ಮಗಳನ್ನು ಮದ್ದೂರಿಗೆ ಕೊಟ್ಟಿದ್ದೆವು. ಮದುವೆಯಾಗಿ ವರ್ಷ ಕಳೆದಿತ್ತು. ಸಂಕ್ರಾಂತಿ ಮುಗಿದ ಮೇಲೆ ಗಂಡನ ಮನೆಯಲ್ಲಿ ಅವಳಿಗೆ ವಿಷಮಜ್ವರ ಹಿಡಿಯಿತು. ಇಪ್ಪತ್ತೆಂಟು ದಿನ ಮಲಗಿದಳು. ಜ್ವರ ಬಿಟ್ಟ ಮೇಲೆ ಅಳಿಯ ಆಕೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಬಾಣಂತಿಯಂತೆ ನೋಡಿಕೊಳ್ಳಿ ಎಂದು ಬಿಟ್ಟುಹೋದ. ಹದಿನೈದು ದಿನಕ್ಕೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಹಾಕಿದರೆ ಹಿಡಿ ಹಿಡಿ. ಅಲ್ಲಲ್ಲಿ ಬಿಳಿಯ ಬುರುಡೆ ಕಾಣತೊಡಗಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಿ, "ಈ ಜ್ವರದಲ್ಲಿ ಹೀಗಾಗುತ್ತೆ ತಾಯಿ. ಪೂರ್ತಿ ಬೋಳಿಸಿಬಿಡಿ, ಸಮನಾಗಿ ಬರುತ್ತೆ. ದಿನಾ ಎಳೆ ಬಿಸಿಲಲ್ಲಿ ಕೂರಿಸಿ" ಎಂದರು.

ಬೋಳಿಸಿಬಿಡಿ ಎನ್ನುವುದು ಡಾಕ್ಟರ ಬಾಯಿಗೆ ಸಲೀಸು. ಗಂಡ ಬದುಕಿರುವ ಹುಡುಗಿಯ ತಲೆ ಬೋಳಿಸಿ, ಅವಳನ್ನು ನಾಲ್ಕು ಜನ ನೋಡಿದರೆ ಬಾಯಿಗೆ ಬರುವ ಮಾತು ಯಾವುದೆಂದು ನನಗೆ ಗೊತ್ತಿತ್ತು. ಯಜಮಾನರು, "ಬೀಗರಿಗೆ ಒಂದು ಕಾಗದ ಹಾಕ್ತೀನಿ. ಅವರ ಸೊಸೆ, ಅವರಿಗೂ ಒಂದು ಮಾತು ತಿಳೀಲಿ" ಎಂದರು. ನಾನು ಬೇಡವೆಂದೆ. ಮೂರು ನಾಲ್ಕು ತಿಂಗಳಲ್ಲಿ ಕೂದಲು ಬರುತ್ತದೆ, ಆಮೇಲೆ ಕಳಿಸಿದರಾಯಿತು, ನಡುವೆ ಯಾರಿಗೂ ತಿಳಿಯುವ ಅಗತ್ಯವಿಲ್ಲ ಎಂದೆ. ಅವರು ಮನೆಯ ವಿಷಯದಲ್ಲಿ ನನ್ನ ಮಾತು ಮೀರುವವರಲ್ಲ.

ಒಂದು ಮಧ್ಯಾಹ್ನ ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ಯಜಮಾನರ ಚೌರದ ಕತ್ತಿಯಿಂದ ನಾನೇ ತೆಗೆದೆ. ಮಗಳು ಅಳಲಿಲ್ಲ.

"ಮದ್ದೂರಿಗೆ ಯೋಳಿದ್ದೀಯಾ ಅವ್ವ?" ಎಂದು ಕೇಳಿದಳು.

"ಯೋಳೋದೇನೈತೆ? ಬರೋ ಕೂದ್ಲು ಬತ್ತದೆ. ಅಲ್ಲಾಡ್ಬೇಡ, ಕತ್ತಿ ತಾಕ್ತದೆ."

ಈಗ ಮುಖ್ಯವಾದ ತೊಡಕು. ನಮ್ಮ ಬಚ್ಚಲು, ಕಕ್ಕಸು ಎರಡೂ ಹಿತ್ತಲ ಕೊನೆಯಲ್ಲಿ. ಡಾಕ್ಟರು ಹೇಳಿದ ಎಳೆ ಬಿಸಿಲು ಬೀಳುವುದೂ ಹಿತ್ತಲಿನಲ್ಲೇ. ಓರಗಿತ್ತಿ ನಿಂತರೆ ಕಾಣದ ಜಾಗ ಅಲ್ಲಿ ಒಂದು ಮೊಳವೂ ಇರಲಿಲ್ಲ. ಸಾಲದ್ದಕ್ಕೆ ಅವಳ ತವರು ನಿಡಘಟ್ಟ. ಅಲ್ಲಿಂದ ಮದ್ದೂರಿಗೆ ಎಷ್ಟು ಮಹಾ ದೂರ! ಅವಳ ಬಾಯಿಗೆ ಬಿದ್ದ ಮಾತು ತಿಂಗಳೊಳಗೆ ನನ್ನ ಬೀಗಿತ್ತಿಯ ಜಗುಲಿಗೆ ಹೋಗಿ ಕೂರುತ್ತಿತ್ತು. ಬೋಳುತಲೆಯ ಸೊಸೆ ಬೇಡ, ಅಲ್ಲೇ ಇಟ್ಟುಕೊಳ್ಳಿ ಎಂದು ಅವರು ಹೇಳಿಕಳಿಸಿದರೆ?

ಮೊದಲು ತೆಂಗಿನ ಗರಿ ಹೆಣೆದು ಗೋಡೆಯ ಮೇಲೆ ತಡಿಕೆ ಕಟ್ಟಿಸಿದೆ. ಭಾವನವರು ಕಚೇರಿಯ ಬಾಗಿಲಲ್ಲೇ ತಮ್ಮನನ್ನು ತಡೆದು, "ಪತ್ರದ ಮಾತು ಮೀರ್ತಿದ್ದೀಯ ಕಣ್ಲಾ" ಎಂದು ಎಗರಾಡಿದರು. ಮರುದಿನ ತಡಿಕೆ ನಮ್ಮ ಕಡೆಗೆ ಮಗುಚಿಬಿದ್ದಿತ್ತು. ಗಾಳಿಗೆ ಬಿತ್ತಂತೆ. ಆ ದಿನ ಎಲೆಯೂ ಅಲ್ಲಾಡುತ್ತಿರಲಿಲ್ಲ.

ಪತ್ರದಲ್ಲಿ ಗೋಡೆಯ ಮಾತು ಬರೆದಿತ್ತು, ಗಿಡದ ಮಾತು ಬರೆದಿರಲಿಲ್ಲ. ಸಾಹೇಬರು ಬಂದಾಗ ಇಳಿಯುವ ಬಂಗಲೆಯ ಕಾಂಪೌಂಡಿನಲ್ಲಿ ಆಳೆತ್ತರಕ್ಕೂ ಮೇಲೆ ಹೋಗುವ ಸೂರ್ಯಕಾಂತಿಯನ್ನು ನಾನು ನೋಡಿದ್ದೆ. ಆಗ ನಮ್ಮ ಕಡೆ ಹೊಲದಲ್ಲಿ ಅದನ್ನು ಯಾರೂ ಬೆಳೆಯುತ್ತಿರಲಿಲ್ಲ, ಬಂಗಲೆಯ ಹೂವು ಅದು. ಅಲ್ಲಿನ ಮಾಲಿ ಒಬ್ಬ ಮುದುಕ ಸಾಯಬರು. ಬೀಜ ಕೇಳಿದೆ. ಒಂದು ಹಿಡಿ ಕೊಟ್ಟು, ಜೊತೆಗೆ ಒಂದು ಹಿಡಿ ಬುದ್ಧಿಯನ್ನೂ ಕೊಟ್ಟರು.

"ಇದು ದೊಡ್ಡ ಹೊಟ್ಟೆ ಗಿಡ ಅಮ್ಮಾ. ಗೊಬ್ಬರ ಹಾಕಿ, ನೀರು ಹಾಕಿ, ಮತ್ತೆ ಹಾಕಿ. ಕಿತ್ತು ನೆಡಬೇಡಿ, ಕೋಪ ಮಾಡ್ಕೊಳ್ತದೆ. ಎಲ್ಲಿ ಬೇಕೋ ಅಲ್ಲೇ ಬೀಜ ಹಾಕಿ."

"ಎಷ್ಟು ದಿನಕ್ಕೆ ಆಳೆತ್ತರ ಆಗುತ್ತೆ?"

"ಎರಡು ತಿಂಗಳು. ಯಾರನ್ನ ಹೆದರಿಸ್ಬೇಕು?"

ನಾನು ನಗಲಿಲ್ಲ. ಅವರೇ ಮುಂದುವರಿದು, "ಸೂರ್ಯ ಎಲ್ಲಿ, ಅದರ ಮೂತಿ ಅಲ್ಲಿ" ಎಂದರು. ಆ ಮಾತನ್ನು ನನಗೆ ಬೇಕಾದಂತೆ ಅರ್ಥ ಮಾಡಿಕೊಂಡೆ: ಬೆಳಿಗ್ಗೆ ಅವಳ ಕಡೆ, ಸಂಜೆ ನಮ್ಮ ಕಡೆ. ಇರಲಿ, ಅರ್ಧ ದಿನ ಅವಳೂ ನೋಡಿಕೊಳ್ಳಲಿ ಎಂದುಕೊಂಡೆ. ಅದೇ ನಾನು ಮಾಡಿದ ತಪ್ಪು.

ಶಿವರಾತ್ರಿ ಕಳೆದ ವಾರ ಗೋಡೆಯ ಉದ್ದಕ್ಕೂ ಮೊಳದಗಲ ಅಗೆದು, ಕೊಟ್ಟಿಗೆಯ ಹಳೇ ಗೊಬ್ಬರ, ಒಲೆಯ ಬೂದಿ, ಕುಟ್ಟಿದ ಹೊಂಗೆ ಹಿಂಡಿ ಬೆರೆಸಿದೆ. ಒಂದು ಸಾಲು ಸಾಲದು, ಸಂದಿ ಕಾಣುತ್ತದೆ ಎಂದು ಎರಡು ಸಾಲು ಹಾಕಿದೆ, ಮುಂದಿನ ಸಾಲಿನ ಸಂದಿಗೆ ಹಿಂದಿನ ಗಿಡ ಬರುವಂತೆ. ಒಂದೊಂದು ಗುಳಿಗೆ ಎರಡೆರಡು ಬೀಜ, ಬೆರಳಿನ ಒಂದು ಗೆಣ್ಣು ಆಳ. ಮೊದಲ ದಿನವೇ ಅಳಿಲು ಬಂದು ಅರ್ಧ ಕೆದಕಿಹಾಕಿತು. ಮತ್ತೆ ಹಾಕಿ ಜಾಲಿಮುಳ್ಳು ಹೊದಿಸಿದೆ. ಆರನೆಯ ದಿನ ಬೀಜದ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲಿಟ್ಟುಕೊಂಡೇ ಮೊಳಕೆ ಎದ್ದವು. ಜೋಡಿಯಲ್ಲಿ ಸೊರಗಿದ್ದನ್ನು ಉಗುರಿನಿಂದ ಚಿವುಟಿ ತೆಗೆದೆ. ಕೀಳಬಾರದು, ಕಿತ್ತರೆ ಪಕ್ಕದ್ದರ ಬೇರು ಅಲ್ಲಾಡುತ್ತದೆ.

ಬಿಸಿಲು ಏರಿದಂತೆ ಗಿಡಗಳೂ ಏರಿದವು. ಬೆಳಿಗ್ಗೆ ಗಿಡಕ್ಕೊಂದು ಚೊಂಬು, ಸಂಜೆಗೊಂದು. ಮೊಣಕಾಲುದ್ದ ಬಂದ ಮೇಲೆ ಅದೂ ಸಾಲದೆ ಅರ್ಧರ್ಧ ಕೊಡ. ಮಧ್ಯಾಹ್ನ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿದ್ದವು. ಮೊದಲು ಗಾಬರಿಯಾಗಿ ನೀರು ಹುಯ್ದೆ. ಆಮೇಲೆ ತಿಳಿಯಿತು, ಬಿಸಿಲಿಗೆ ಹಾಗೆ ಮಾಡುತ್ತವೆ, ಹೊತ್ತು ಇಳಿದಾಗ ತಾವೇ ಏಳುತ್ತವೆ. ಸಂಜೆಗೂ ಏಳದಿದ್ದರೆ ಮಾತ್ರ ಬಾಯಾರಿಕೆ. ತೊಡೆಯೆತ್ತರಕ್ಕೆ ಬಂದಾಗ ಬುಡಕ್ಕೆ ಮಣ್ಣೇರಿಸಿ, ಗಿಡಕ್ಕೊಂದು ಬಿದಿರು ಸೀಳು ನೆಟ್ಟು, ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿದೆ. ಎಲೆಯ ಅಡಿಗೆ ಕಂಬಳಿಹುಳ ಬಂದರೆ ಬೂದಿ ಚೆಲ್ಲಿದೆ.

ಅಷ್ಟು ದಿನವೂ ಮಗಳನ್ನು ಒಳಕೋಣೆಯಲ್ಲೇ ಇಟ್ಟೆ. ಕಕ್ಕಸಿಗೆ ಹೋಗಬೇಕಾದರೆ ನಾನು ಮೊದಲು ಬಂದು ಗೋಡೆಯ ಆಚೆ ಯಾರಿದ್ದಾರೆ ನೋಡಿ, ಕೆಮ್ಮಬೇಕು. ಆಮೇಲೆ ಅವಳು ತಲೆಗೆ ಟವಲು ಬಿಗಿದು ಓಡಬೇಕು. ಅಳಿಯ ಎರಡು ಸಲ ಬಂದ. ತಲೆಗೆ ಗಾಳಿ ತಾಕಬಾರದಂತೆ ಎಂದು ಹೇಳಿ ಬಟ್ಟೆ ಬಿಗಿಸಿಯೇ ಕೂರಿಸಿದೆ, ನಾನು ಪಕ್ಕದಿಂದ ಏಳಲಿಲ್ಲ. ಎರಡನೆಯ ಸಲ ಅವನು ಹೋದ ಮೇಲೆ ಮಗಳು ನನ್ನೊಡನೆ ಎರಡು ದಿನ ಮಾತು ಬಿಟ್ಟಳು.

ಬಾವಿಯಲ್ಲಿ ನೀರು ತಳ ಕಂಡಿತು. ಬೇಸಗೆಯಲ್ಲಿ ಯಾವಾಗಲೂ ಆಗುವುದೇ. ಅಕ್ಕನಿಗೆ ನೆವ ಸಿಕ್ಕಿತು.

"ಕುಡಿಯೋಕೆ ನೀರಿಲ್ಲ, ಇವ್ಳು ಕಾಡು ಬೆಳುಸ್ತಾವ್ಳೆ. ಏನಮ್ಮಿ ಅದು, ತಿನ್ನೋ ಗಿಡವಾ?"

"ಊವಿನ ಗಿಡ."

"ಸರ್ಕಾರ ರಾಗಿ ಬೆಳೀರಿ, ಸೊಪ್ಪು ಬೆಳೀರಿ ಅಂತ ತಮಟೆ ವಡಿಸ್ತದೆ, ಗುಮಾಸ್ತರ ಎಂಡ್ತಿ ಊವು ಬೆಳೀತಾಳೆ. ಸಾಹೇಬ್ರಿಗೆ ಯೋಳ್ಲಾ?"

"ಯೋಳೋಗು. ಗೋಡೆಮ್ಯಾಲೆ ನೇತಾಕಂಡು ಯೋಳ್ದೆ ಅಂತಾನೂ ಸೇರ್ಸು."

ಅವಳು ಕೊಡವನ್ನು ಬಾವಿಗೆ ಎತ್ತಿಹಾಕಿದ ರಭಸಕ್ಕೆ ಬಗ್ಗಡ ಎದ್ದು, ಅರ್ಧ ದಿನ ನೀರು ಕುಡಿಯಲಾಗಲಿಲ್ಲ. ಅವಳಿಗೂ ಆಗಲಿಲ್ಲ. ಅದೊಂದು ಸಮಾಧಾನ.

ಯುಗಾದಿ ಕಳೆದು ಮೂರು ವಾರಕ್ಕೆ ಗಿಡಗಳು ಗೋಡೆಯನ್ನು ದಾಟಿದವು. ಎಲೆಗಳು ಮೊರದಗಲ. ಮೊದಲನೆಯ ಸಲ ಗೋಡೆಯ ಆಚೆಯ ಮುಖ ನನಗೆ ಕಾಣಲಿಲ್ಲ. ಅವಳ ದನಿ ಮಾತ್ರ ಎಲೆಗಳ ಹಿಂದಿನಿಂದ ಬರುತ್ತಿತ್ತು. ಮರುದಿನ ಬೆಳಿಗ್ಗೆಯೇ ಮಗಳನ್ನು ಕರೆತಂದು, ತಲೆಯ ಬಟ್ಟೆ ಬಿಚ್ಚಿ, ಗಿಡಗಳ ನೆರಳು ಬೀಳದ ಕಡೆ ಎಳೆ ಬಿಸಿಲಲ್ಲಿ ಮಣೆಯ ಮೇಲೆ ಕೂರಿಸಿದೆ. ಹರಳೆಣ್ಣೆ ತಿಕ್ಕಿದೆ. ಕೈಗೆ ಚುಚ್ಚುವಷ್ಟು ಕೂದಲು ಬಂದಿತ್ತು, ಕೊಯ್ದ ಹುಲ್ಲಿನ ಕೂಳೆಯಂತೆ. ಮಗಳು ಕಣ್ಣು ಮುಚ್ಚಿ ಕೂತಿದ್ದಳು. ನಾನು ಗೆದ್ದೆನೆಂದುಕೊಂಡೆ.

ಆ ಗೆಲುವು ಹದಿನೆಂಟು ದಿನ ಇತ್ತು.

ಮೊಗ್ಗುಗಳಿದ್ದಾಗ ಗಿಡದ ತುದಿಗಳು ಬೆಳಿಗ್ಗೆ ಮೂಡಲಿಗೆ, ಸಂಜೆ ಪಡುವಲಿಗೆ ತಿರುಗುತ್ತಿದ್ದುದು ನಿಜ. ನಾನೇ ನೋಡಿದ್ದೇನೆ. ಹೂವು ಬಿರಿಯಿತು ನೋಡಿ, ಕುತ್ತಿಗೆ ಗಟ್ಟಿಯಾಯಿತು, ತಿರುಗುವುದು ನಿಂತಿತು. ಬಿರಿದ ಹೂವೆಲ್ಲ ಮೂಡಲಿಗೇ ಮುಖ ಮಾಡಿ ನಿಂತುಬಿಟ್ಟವು. ಮೂಡಲೆಂದರೆ ಅವಳ ಹಿತ್ತಲು. ಊಟದ ತಟ್ಟೆಯಷ್ಟು ದೊಡ್ಡ ಹೂಗಳು, ಒಂದಲ್ಲ ಎರಡಲ್ಲ, ಇಪ್ಪತ್ತೆರಡು. ನಾನು ಗೊಬ್ಬರ ಹೊತ್ತೆ, ನೀರು ಸೇದಿ ಅಂಗೈ ಬೊಬ್ಬೆ ಬರಿಸಿಕೊಂಡೆ. ನನಗೆ ಕಂಡದ್ದು ಹಸಿರು ಬೆನ್ನು, ಒರಟು ತೊಟ್ಟು. ಹೂವಿನ ಮುಖ ನೋಡಬೇಕಾದರೆ ನಾನು ಅವಳ ಮನೆಗೆ ಹೋಗಬೇಕು!

ಬೇಜಾರು ಅದಕ್ಕಲ್ಲ, ಹೂವು ಬೇಡವೆಂದು ಮೊದಲೇ ಹೇಳಿದ್ದೇನಲ್ಲ. ಆದರೆ ಮುಖ ಅವಳ ಕಡೆ ತಿರುಗಿದ್ದರಿಂದ ಅವಳು ಗೋಡೆಗೆ ಹತ್ತಿರವಾದಳು. ಮೊದಲು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದವಳು ಈಗ ದಿನಾ ಬೆಳಿಗ್ಗೆ ಹೂವಿಗೆ ಬಂದಳು.

"ಅಕ್ಕ, ನನ್ನ ಗಿಡಕ್ಕೆ ಕೈ ಹಾಕ್ಬೇಡ."

"ನನ್ನ ಹಿತ್ಲಿಗೆ ಬಗ್ಗೈತೆ ಕಣಮ್ಮಿ. ನನ್ ಕಡೀಕೆ ಬಂದದ್ದು ನಂದು."

"ಬೇರು ನನ್ ಕಡೆ ಐತೆ."

"ಬೇರು ನೀನೇ ಮಡೀಕೊ. ಮೂತಿ ನನ್ನೇ ನೋಡ್ತಾ ಅದೆ. ನಿನ್ನ ನೋಡೋಕೆ ಅದ್ಕೂ ಬ್ಯಾಸ್ರ."

ಎಲೆಗಳ ಆಚೆಗೆ ಅವಳ ನಗು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಅವಳು ತೀರಿಹೋಗಿ ವರ್ಷಗಳಾದವು, ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಹೂವಿನ ಭಾರಕ್ಕೆ ಗಿಡಗಳು ದಿನೇ ದಿನೇ ಅತ್ತಲೇ ಬಾಗಿದವು. ನಾನು ಎರಡೆರಡು ಕಡೆ ಕಟ್ಟಿ ಇತ್ತ ಎಳೆದೆ. ಅವಳು ಕುಡುಗೋಲು ಕಟ್ಟಿದ ಕೋಲಿನಿಂದ ಅತ್ತ ಎಳೆದಳು. ಒಂದು ಶುಕ್ರವಾರ ಬೆಳಿಗ್ಗೆ ನಾನು ಬಾವಿಯಲ್ಲಿ ನೀರು ಸೇದುತ್ತಿದ್ದೆ. ಮಗಳು ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದಳು. ಮೂರು ಮೊಳ ಆಚೆಗೆ ಕರಕ್ ಎಂದಿತು. ಎರಡು ಗಿಡಗಳು ಒಟ್ಟಿಗೆ ನಡು ಮುರಿದು ಆ ಕಡೆಗೆ ಹೋದವು. ಹೋದ ಜಾಗದಲ್ಲಿ ಬಾಗಿಲಗಲ ಬೆಳಕು. ಬೆಳಕಿನ ನಡುವೆ ಅಕ್ಕನ ಮುಖ.

ಅವಳು ಮೊದಲು ಹೂವನ್ನು ನೋಡಿದಳು. ಆಮೇಲೆ ಮಗಳನ್ನು.

"ಅಯ್ಯೋ ಸಿವ್ನೆ!" ಎಂದಳು. "ಏನ್ ಕೂಸೇ ಇದು? ತಲೆ ಏನಾಯ್ತು? ಗಂಡ ಗಟ್ಟಿಯಾಗವ್ನೆ ತಾನೆ?"

ಮಗಳ ಕೈ ಟವಲಿಗೆ ಹೋಯಿತು. ನಾನು ಹಗ್ಗ ಬಿಟ್ಟುಬಿಟ್ಟೆ. ಕೊಡ ಬಾವಿಗೆ ಬಿತ್ತು.

"ಕಣ್ಣು ಕಿತ್ತಾಕ್ತೀನಿ ನೋಡು! ಇಳಿ ಕೆಳಕ್ಕೆ!"

"ನನ್ಮ್ಯಾಕೆ ಯಾಕೆ ಆರಾಡೀಯೆ? ಬೋಳ್ಸಿದ್ದು ನಾನಾ? ಇದ್ಕಾ ನೀನು ಕಾಡು ಬೆಳೆಸಿದ್ದು! ನಾನೆಲ್ಲೋ ಊವಿಗೆ ಅಂದ್ಕಂಡಿದ್ನಲ್ಲಪ್ಪ!"

ಗಿಡ ಹಾಕಿದ್ದರಿಂದಲೇ ಅವಳು ಹೂವಿಗೆ ಬಂದಳು, ಹೂವಿಗೆ ಬಂದದ್ದರಿಂದಲೇ ನೋಡಿದಳು. ಬರೀ ಗೋಡೆಯಿದ್ದಿದ್ದರೆ, ನಾನು ಕೆಮ್ಮಿ ಮಗಳು ಓಡಿ, ಹೇಗೋ ಇನ್ನೆರಡು ತಿಂಗಳು ಕಳೆಯುತ್ತಿತ್ತೇನೋ. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕದ ಬಡಿದರೆ ಒಳಗಿನಿಂದ, "ನೀನು ಕೂಗಾಡ್ದೆ ಇದ್ದಿದ್ರೆ ದೊಡ್ಡವ್ವಂಗೆ ನಾನೇ ಯೋಳ್ತಿದ್ದೆ, ಜ್ವರದಿಂದ ಓಯ್ತು ಅಂತ. ಅದ್ರಲ್ಲೇನೈತೆ? ಕಳ್ಳತನ ಮಾಡಿದ್ದೀನಾ ನಾನು?" ಎಂದಳು.

"ಅವ್ಳ ಬಾಯಿ ನಿಂಗೊತ್ತಿಲ್ಲ."

"ನಿನ್ನ ಬಾಯೂ ಗೊತ್ತು."

ಭಾನುವಾರ ಅಕ್ಕ ಇದ್ದಿಲ ಬಸ್ಸು ಹತ್ತಿ ತವರಿಗೆ ಹೋದಳು. ಅವಳು ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತ ನಮ್ಮ ಬಾಗಿಲ ಮುಂದೆಯೇ ನಡೆದಳು. ಬೇರೆ ದಾರಿಯಿತ್ತು. ಬುಧವಾರ ನನ್ನ ಬೀಗಿತ್ತಿ ಬಂದಿಳಿದರು.

ಒಬ್ಬರೇ ಬಂದಿದ್ದರು. ಕಾಲಿಗೆ ನೀರು ಕೊಟ್ಟರೆ ತೊಳೆಯಲಿಲ್ಲ. ಮಜ್ಜಿಗೆ ಕೊಟ್ಟರೆ ಮುಟ್ಟಲಿಲ್ಲ. ಆ ಹೆಂಗಸು ಎತ್ತರ, ದನಿ ಅದಕ್ಕಿಂತ ಎತ್ತರ.

"ಎಲ್ಲವ್ಳೆ ನನ್ನ ಸೊಸೆ?"

"ಮಲಗವ್ಳೆ. ತಲೆಗೆ ಗಾಳಿ..."

"ಗಾಳಿ ಮಾತು ಬುಡಿ. ಕರೀರಿ."

ಮಗಳು ತಾನೇ ಬಂದಳು. ಟವಲು ಇರಲಿಲ್ಲ. ಬೀಗಿತ್ತಿ ಅವಳನ್ನು ತೋಳು ಹಿಡಿದು ಹಿತ್ತಲ ಬೆಳಕಿಗೆ ಕರೆದೊಯ್ದು, ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು, ಸಂತೆಯಲ್ಲಿ ಕುರಿ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಯಾರು ತೆಗ್ದದ್ದು?"

"ನಾನೇ. ಡಾಕ್ಟ್ರು ಅಂದ್ರು..."

"ಡಾಕ್ಟ್ರು ಅಂದ್ರು ಸರಿ. ನಮ್ಮನೆ ಸೊಸೆ ತಲೆಗೆ ಕತ್ತಿ ಆಕೋಕ್ಮುಂಚೆ ನಮ್ಮನ್ನ ಒಂದ್ಮಾತು ಕೇಳ್ಬೇಕು ಅಂತ ಅನ್ನುಸ್ನಿಲ್ವಾ? ಮಾದಪ್ಪನಿಗೆ ಅರಕೆ ಅಂತ ಒಂದ್ಮಾತು ಯೋಳಿದ್ರೆ ನಾವೇ ಬೆಟ್ಟಕ್ಕೆ ಕರ್ಕೊಂಡೋಗಿ ಮುಡಿ ಕೊಡುಸ್ತಿದ್ದೊ. ನಾಕು ಜನದ ಮುಂದೆ, ಮರ್ಯಾದೆಯಾಗಿ. ನೀವು ಬಚ್ಚಲಲ್ಲಿ ಕೂರ್ಸಿ ಕದ್ದು ಬೋಳ್ಸಿದ್ರಿ. ನನ್ನ ಮಗ ಬದ್ಕವ್ನೆ ಕಣ್ರೀ!"

ನಮ್ಮ ಜನ ಮಾದಪ್ಪನ ಬೆಟ್ಟದಲ್ಲಿ ಹರಕೆಗೆ ಮುಡಿ ಕೊಡುವುದು ನನಗೇನು ತಿಳಿಯದ ವಿಷಯವೇ? ಗಂಡಸರು, ಹೆಂಗಸರು, ಮಕ್ಕಳು ಕೊಟ್ಟು ಬರುತ್ತಾರೆ. ಬೋಳುತಲೆಗೆ ಗಂಧ ಹಚ್ಚಿಕೊಂಡು ಬಸ್ಸಿಳಿದರೆ ಎಲ್ಲರೂ ಪ್ರಸಾದ ಕೇಳುತ್ತಾರೆ, ಯಾರೂ ನಗುವುದಿಲ್ಲ. ಆದರೆ ಅದು ಬೀಗರನ್ನು ಕೇಳಿ ಮಾಡಬೇಕಾದ ಕೆಲಸ. ಕೇಳಬಾರದೆಂದೇ ನಾನು ಆ ದಾರಿ ಬಿಟ್ಟಿದ್ದೆ.

"ನಮ್ಮನ್ನ ಏನಂದ್ಕಂಡ್ರಿ? ಕೂದ್ಲು ಇಲ್ದಿದ್ರೆ ಸೊಸೆ ಬ್ಯಾಡ ಅನ್ನೋ ಜನ ಅಂದ್ಕಂಡ್ರಾ? ಜ್ವರದಲ್ಲಿ ಇಪ್ಪತ್ತೆಂಟು ದಿನ ಅವಳ ಎಂಜ್ಲು ತೆಗ್ದೋಳು ನಾನು. ನೀವಲ್ಲ."

ಆಗಲೇ ಗೋಡೆಯ ಆ ಬಾಗಿಲಗಲ ಸಂದಿಯಲ್ಲಿ ಅಕ್ಕನ ತಲೆ ಎದ್ದಿತು. ಕೈಯಲ್ಲಿ ಕುಡುಗೋಲಿನ ಕೋಲು, ಹೂವಿಗೆ ಬಂದವಳಂತೆ.

"ಓ, ಬಂದ್ರಾ? ನಾನು ಯೋಳ್ದಂಗೇ ಅಲ್ವಾ ಇರಾದು?"

ಬೀಗಿತ್ತಿ ಅವಳನ್ನೂ ಬಿಡಲಿಲ್ಲ. "ನೀನು ನೋಡಿದ್ದು, ಯೋಳಿದ್ದು ಎರ್ಡೂ ಆಯ್ತು. ಇನ್ನು ಇಳಿ. ಕಲ್ಲು ಜಾರಿ ಸೊಂಟ ಮುರ್ಕಂಡೀಯ" ಎಂದರು. ಅಕ್ಕನ ತಲೆ ಇಳಿಯಿತು. ಆ ಒಂದು ಗಳಿಗೆ ಬೀಗಿತ್ತಿಯ ಮೇಲೆ ನನಗೆ ಪ್ರೀತಿ ಬಂತು, ಅಷ್ಟರಲ್ಲೇ ಅವರು ಮಗಳಿಗೆ, "ಸೀರೆ ಉಟ್ಕೊ. ಮೂರು ಗಂಟೆ ಬಸ್ಸಿಗೆ ಓಗೋಣ" ಎಂದರು.

"ಇನ್ನೂ ಸುಧಾರ್ಸಿಲ್ಲ. ಇನ್ನೊಂದೆರಡು ತಿಂಗ್ಳು ಬುಡಿ, ಕೂದ್ಲು ಬಂದ್ಮ್ಯಾಲೆ ನಾನೇ ತಂದು..."

"ಬರೋ ಕೂದ್ಲು ನಮ್ಮನೇಲೇ ಬರ್ಲಿ."

ನಾನು ಮಗಳ ಮುಖ ನೋಡಿದೆ. ಇನ್ನೆರಡು ದಿನ ಇರುತ್ತೇನೆ ಅವ್ವ ಎನ್ನುತ್ತಾಳೆ, ಅದೇ ನೆವದಲ್ಲಿ ಅವರನ್ನು ಒಪ್ಪಿಸೋಣ ಎಂದು. ಅವಳು, "ಬತ್ತೀನಿ ಅತ್ತೆ" ಎಂದಳು. ಒಳಗೆ ಹೋಗಿ ತನ್ನ ಟ್ರಂಕನ್ನು ತಾನೇ ಎತ್ತಿ ತಂದಳು. ನಾನು ಟವಲು ಹಿಡಿದು ನಿಂತಿದ್ದೆ.

"ತಲೆಗೆ ಇದನ್ನಾದ್ರೂ ಕಟ್ಕೊ ಮಗ. ಬಸ್ಸಿನಲ್ಲಿ ಜನ ನೋಡ್ತಾರೆ."

"ನೋಡ್ಲಿ ಬುಡು."

"ನಿನ್ ಒಳ್ಳೇದಕ್ಕೇ ಮಾಡ್ದೆ ಕಣೆ ನಾನು. ಎರಡು ತಿಂಗ್ಳು ನೀರು ಒತ್ತು..."

"ನನ್ಗಲ್ಲ ಅವ್ವ ನೀನು ಗಿಡ ಆಕಿದ್ದು. ದೊಡ್ಡವ್ವಂಗೆ ಆಕ್ದೆ" ಎಂದಳು.

ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಬೀಗಿತ್ತಿ ಮುಂದೆ, ಸೆರಗು ಹೊದೆಯದ ಮಗಳು ಅವರ ಹಿಂದೆ, ನಾನು ಕೊನೆಯಲ್ಲಿ. ಯಾರೋ, "ಬೆಟ್ಟಕ್ಕೆ ಓಗಿದ್ರಾ?" ಎಂದು ಕೇಳಿದರು. ಬೀಗಿತ್ತಿ ತಿರುಗಿಯೂ ನೋಡದೆ, "ಜ್ವರ ಬಂದಿತ್ತು" ಎಂದರು. ಮುಗಿಯಿತು. ಅಷ್ಟೇ ಮಾತು. ಕೇಳಿದವಳು ಅಯ್ಯೋ ಪಾಪ ಎಂದು ಒಳಗೆ ಹೋದಳು.

ಮರುದಿನ ಬಾವಿಯ ಆಚೆಯಿಂದ ಅಕ್ಕ, "ಬೀಜಕ್ಕೆ ಎರಡು ಊವು ಬುಡಮ್ಮಿ, ನಾನೂ ಒಂದು ಸಾಲು ಆಕ್ತೀನಿ" ಎಂದಳು. ಕುಡುಗೋಲು ತೆಗೆದುಕೊಂಡು ಉಳಿದ ಅಷ್ಟನ್ನೂ ಬುಡಕ್ಕೆ ಕಡಿದೆ. ಕಾಂಡ ಕಬ್ಬಿನಷ್ಟು ಗಟ್ಟಿ, ಒಳಗೆ ಬೆಂಡು. ಹೂಗಳನ್ನು ಒಂದೊಂದಾಗಿ ಬಿಡಿಸಿ, ಹಾಲುಗಟ್ಟದ ಎಳೆ ಬೀಜದ ಸಮೇತ ದನಕ್ಕೆ ಹಾಕಿದೆ. ಒಂದು ಕಾಳೂ ಅವಳಿಗೆ ದಕ್ಕದಂತೆ ನೋಡಿಕೊಂಡೆ. ಆಗಲೇ ಮೊದಲ ಸಲ ಆ ಹೂವಿನ ಮುಖವನ್ನು ಹತ್ತಿರದಿಂದ ನೋಡಿದ್ದು. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಅವರೇಕಾಯಿ ಕಾಲಕ್ಕೆ, ಅಂದರೆ ಏಳು ತಿಂಗಳ ಮೇಲೆ, ಮದ್ದೂರಿಗೆ ಹೋದೆ. ಅಲ್ಲಿಯ ತನಕ ಯಾರೂ ಬಾ ಎನ್ನಲಿಲ್ಲ, ನಾನೂ ಹೋಗಲಿಲ್ಲ. ಮಗಳು ಬೀದಿ ಜಗುಲಿಯ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದಳು. ಕೂದಲು ಕಿವಿಯ ತನಕ ಬಂದಿತ್ತು, ಗುಂಗುರು ಗುಂಗುರಾಗಿ. ಮೊದಲು ಅವಳ ಕೂದಲು ಗುಂಗುರಿರಲಿಲ್ಲ. ನನ್ನನ್ನು ಕಂಡು ಏಳಲಿಲ್ಲ, ಮಡಿಲ ತುಂಬ ಕಾಯಿ ಇತ್ತು.

"ಬಾ. ಬಸ್ಸು ಸಿಕ್ತಾ?" ಎಂದಳು.

"ಚೆನ್ನಾಗಿ ಬಂದದೆ ಕೂದ್ಲು" ಎಂದು ಕೈ ಚಾಚಿದೆ. ಅವಳು ತಲೆ ಸರಿಸಿದಳು, ಕೋಪದಿಂದಲ್ಲ, ನೊಣ ಬಂದರೆ ಸರಿಸುವ ಹಾಗೆ. ಬೀಗಿತ್ತಿ ಒಳಗಿನಿಂದ ಒಂದು ಲೋಟ ಕಾಫಿ ತಂದು ನನ್ನ ಪಕ್ಕದಲ್ಲಿ ಇಟ್ಟರು, ಕೈಗೆ ಕೊಡಲಿಲ್ಲ. ಒಳಗೆ ಹೋದರು.

ಬೀದಿಯಲ್ಲಿ ಹೋಗುವವರು ಬರುವವರು ಮಗಳನ್ನು ಮಾತಾಡಿಸುತ್ತಿದ್ದರು. ಒಬ್ಬಳು ಮುದುಕಿ ನಿಂತು, "ಏನವ್ವ, ಇನ್ನೊಂದ್ನಾಕು ತಿಂಗ್ಳಿಗೆ ಜಡೆ ಆಕ್ಬೋದು ಬುಡು" ಎಂದಳು. ಮಗಳು, "ಬ್ಯಾಡ ಕಣಜ್ಜಿ, ಇಂಗೇ ಅಗೂರಾಗೈತೆ" ಎಂದು ನಕ್ಕಳು. ಆ ನಗುವಿನಲ್ಲಿ ನನಗೆ ಪಾಲಿರಲಿಲ್ಲ. ಮುದುಕಿ ನನ್ನ ಕಡೆ ನೋಡಿದಾಗ ನಾನು ಕಾಫಿ ಲೋಟ ತೆಗೆದುಕೊಂಡು ಕಂಬದ ಹಿಂದಕ್ಕೆ ಸರಿದೆ.

"ಅಲ್ಯಾಕೆ ಓದೆ?" ಎಂದಳು ಮಗಳು. "ಅಲ್ಲಿ ಬೆಳಕಿಲ್ಲ, ಉಳ ಇರೋ ಕಾಳು ಕಾಣಾಕಿಲ್ಲ. ಈಚೆಗೆ ಬಂದು ಸುಲಿ."

ನಾನು ಈಚೆಗೆ ಬಂದು ಕೂತೆ. ಅವಳು ಕಾಯಿಯ ಕುಕ್ಕೆಯನ್ನು ಕಾಲಿನಿಂದ ನನ್ನತ್ತ ತಳ್ಳಿದಳು. ಬಸ್ಸಿನ ಹೊತ್ತಾಗುವ ತನಕ ಸುಲಿದೆವು. ನಾಳೆ ಹೋದರಾಯಿತು ಇರು ಎಂದು ಅವಳೂ ಹೇಳಲಿಲ್ಲ, ಅವಳ ಅತ್ತೆಯೂ ಹೇಳಲಿಲ್ಲ.